ಸೇರುವ ಜಾಗ

ಬಸವಕಲ್ಯಾಣದ ಕಣ್ಣಿನ ಆಸ್ಪತ್ರೆಯಲ್ಲಿ ಮಚ್ಚೇಂದ್ರ ಕಣ್ಣಿಗೆ ಹನಿ ಹಾಕಿಸಿಕೊಂಡು ಬೆಂಚಿನ ಮೇಲೆ ಕುಳಿತಿದ್ದಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕಣ್ಣ ಮುಂದೆಲ್ಲ ಮಂಜು. ಎಲ್ಲಿ ಒತ್ತಬೇಕೋ ತಿಳಿಯಲಿಲ್ಲ. ತಾಯಿಯನ್ನು ತೋರಿಸಲು ಬಂದಿದ್ದ ಆಯೆಷಾ ಎಂಬ ಹುಡುಗಿ ಪಕ್ಕದಲ್ಲಿದ್ದಳು.

"ಕೊಡ್ರಿ ಕಾಕಾ. ಸಂಘರತ್ನ ಅಂತ ಬಂದದ," ಎಂದು ಒತ್ತಿ ಅವನ ಕಿವಿಗೆ ಹಿಡಿದಳು.

ಮಗ. "ಅಪ್ಪಾ, ಹುಮನಾಬಾದಿನ ಫ್ಯಾಕ್ಟರ್ಯಾಗ ವಿಷಗಾಳಿ ಸೋರ್ಯದ. ಅಕ್ಕ..."

"ಬಸ್‌ಸ್ಟ್ಯಾಂಡಿನ್ಯಾಗ ನೋಡು. ಅಲ್ಲೇ ಇರ್ತಾಳ."

"ಅಲ್ಲೇ ಸಿಕ್ಕಳಪ್ಪಾ. ಉಸಿರಿಲ್ಲ."

ಮಗಳು ಆಮ್ರಪಾಲಿ ಆ ಫ್ಯಾಕ್ಟರಿಯಲ್ಲಿ ಔಷಧಿ ಡಬ್ಬಿ ತುಂಬುವ ಕೆಲಸಕ್ಕೆ ಸೇರಿದ ಮೊದಲ ದಿನ ಮಚ್ಚೇಂದ್ರನೇ ತಮ್ಮೂರು ದುಬಲಗುಂಡಿಯಿಂದ ಜೊತೆಗೆ ಬಂದು ಹತ್ತಿರದ ಆ ಬಸ್ ನಿಲ್ದಾಣ ತೋರಿಸಿದ್ದ. "ಏನರ ಆದ್ರ ಎತ್ತೆತ್ತರ ಓಡಬ್ಯಾಡವ್ವಾ. ಇಲ್ಲಿ ಬಂದು ನಿಲ್ಲು. ನಾ ಹುಡುಕ್ತೀನಿ." ವಿಷಗಾಳಿ ಸೋರಿದಾಗ ಅವಳು ಅಲ್ಲಿಗೇ ಬಂದು ನಿಂತಿದ್ದಳು. ನಿಲ್ದಾಣವಿದ್ದದ್ದು ತಗ್ಗಿನಲ್ಲಿ. ವಿಷಗಾಳಿಯೂ ತಗ್ಗಿಗೇ ಇಳಿದು ನಿಂತಿತ್ತು. ಎದುರಿನ ದಿನ್ನೆ ಹತ್ತಿದವರೆಲ್ಲ ಬದುಕಿದರು.

ನಾಲ್ಕು ತಿಂಗಳ ಮೇಲೆ, ಮತ್ತೆ ಇಂಥದ್ದಾದರೆ ಏನು ಮಾಡಬೇಕೆಂದು ಗೊತ್ತುಮಾಡಲು ಹುಮನಾಬಾದಿನಲ್ಲಿ ಆಪತ್ತು ಯೋಜನಾ ಸಮಿತಿ ಮಾಡುವುದೆಂದಾಯಿತು. ತೀರಿಕೊಂಡವರ ಮನೆಯ ಕಡೆಯಿಂದ ಮಚ್ಚೇಂದ್ರ ಸದಸ್ಯ. ಸಭೆಗೆ ಹೊರಟಾಗ ಹೆಂಡತಿ ಕಮಳಾಬಾಯಿ ಬಾಗಿಲಿಗೆ ಬಂದು, "ಬ್ಯಾರೆ ಏನೂ ಕೇಳಬ್ಯಾಡ್ರಿ. ಜನ ಸೇರೋದಕ್ಕ ಆ ಬಸ್‌ಸ್ಟ್ಯಾಂಡು ಮಾತ್ರ ಬ್ಯಾಡಂತ ಹೇಳ್ರಿ," ಎಂದಳು.

ಅಧ್ಯಕ್ಷ ಮಹಾರುದ್ರಪ್ಪ ನಿವೃತ್ತ ಹೆಡ್‌ಮಾಸ್ತರು, ಸಾಧು ಮನುಷ್ಯ. ಕನ್ನಡಕ ಏರಿಸಿ ಯೋಜನೆಯ ಕಾಗದ ಓದಿದರು: "ಸೈರನ್ನು ಒಂದು. ಆಂಬುಲೆನ್ಸ್ ಎರಡು. ಆಪತ್ತಿನಲ್ಲಿ ಜನ ಸೇರುವ ಜಾಗ, ಬಸ್ ನಿಲ್ದಾಣ. ಎಲ್ಲರಿಗೂ ಗೊತ್ತಿರೋದು ಅದೇ ನೋಡ್ರಿ."

"ಅಲ್ಲಿ ಬಸ್ಸೇ ಹೊತ್ತಿಗೆ ಬರಂಗಿಲ್ಲ. ಜನ ಹ್ಯಾಂಗ ಬರ್ತಾರ್ರಿ ಸರ?" ಎಂದ ಕಿರಾಣಿ ಅಂಗಡಿಯ ಸತೀಶಕುಮಾರ. ಎಲ್ಲರೂ ನಕ್ಕರು.

ಮಚ್ಚೇಂದ್ರ ಎದ್ದು ನಿಂತ. "ಅದು ಬ್ಯಾಡ್ರಿ ಮಾಸ್ತರ. ಎಲ್ಲರಿಗೂ ಗೊತ್ತಿರೋ ಜಾಗ ಅಂತ ನಾನೂ ಅದನ್ನೇ ಹೇಳಿದ್ದೆ. ನನ್ನ ಮಗಳು ನನ್ನ ಮಾತು ಕೇಳಿದಳು."

ನಗು ಅಲ್ಲೇ ನಿಂತಿತು. ಸತೀಶಕುಮಾರ ತಲೆ ತಗ್ಗಿಸಿ, "ತಪ್ಪಾಯ್ತು ಕಾಕಾ," ಎಂದ.

ಮಹಾರುದ್ರಪ್ಪ ಕನ್ನಡಕ ತೆಗೆದು ಕಾಗದದ ಮೇಲಿಟ್ಟರು. "ದಿನ್ನಿ ಮ್ಯಾಲಿನ ಹೊಲ ಕೇಳಾಕ ಮೂರು ಸಲ ಹೋಗಿ ಬಂದೀನಿ ಮಚ್ಚೇಂದ್ರ. ಹೊಲದವರು ಒಪ್ಪವಲ್ಲರು. ಜಾಗ ಬರೀದಿದ್ರ ಈ ಕಾಗದ ಮ್ಯಾಲಿನ ಸಾಹೇಬ್ರ ಕಡೆ ಹೋಗಂಗಿಲ್ಲ. ಇವತ್ತೇ ಕಡೀ ದಿನ, ಹೋಗಲಿಲ್ಲಂದ್ರ ಸಮಿತಿನೂ ಇಲ್ಲ, ಸೈರನ್ನೂ ಇಲ್ಲ. ನಿಮ್ಮ ಮಾತು ಕೆಳಗ ಬರೀತೀನಿ. ಮುಂದ ಬದಲು ಮಾಡೋಣು."

"ಮುಂದ ಅಂದ್ರ ಯಾವಾಗ್ರಿ?"

ಮಾಸ್ತರರು ಕಾಗದವನ್ನು ಅವನ ಮುಂದೆ ಸರಿಸಿದರು.

ವಿಷಗಾಳಿ ಸೋರಿದ ದಿನ ಸೈರನ್ನು ಕೂಗಿರಲಿಲ್ಲ. ಕೂಗಲು ಇರಲೇ ಇಲ್ಲ. ಇದ್ದಿದ್ದರೆ ಇನ್ನೂ ನಾಲ್ಕು ಜನ ಮೊದಲೇ ಓಡುತ್ತಿದ್ದರೇನೋ. ಮಚ್ಚೇಂದ್ರ ಪೆನ್ನು ಕೇಳಿದ. ಬಸ್ ನಿಲ್ದಾಣ ಎಂದು ಬರೆದಿದ್ದ ಕಾಗದದ ಮೇಲೆಯೇ ಸಹಿ ಮಾಡಿದ. ಅವನ ಮಾತನ್ನು ಮಾಸ್ತರರು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದುಕೊಂಡರು.

ದುಬಲಗುಂಡಿ ಬಸ್ಸಿಗೆ ಅದೇ ತಗ್ಗಿಗೆ ಇಳಿಯಬೇಕಾಯಿತು. ಕೆಲಸ ಬಿಟ್ಟ ಹೆಣ್ಣುಮಕ್ಕಳು ಬುತ್ತಿಚೀಲ ಹಿಡಿದು ನಿಂತಿದ್ದರು. ಮಚ್ಚೇಂದ್ರ ಕಂಬದ ಮಗ್ಗುಲಿಗೆ ಸರಿದು, ಚಪ್ಪಲಿ ಬಿಟ್ಟು, ಕೈ ಜೋಡಿಸಿ ಕಣ್ಣು ಮುಚ್ಚಿದ.

ತಥಾಗತಾ, ಈ ಜನ್ಮದಲ್ಲಿ ನಾನು ಮಾಡಿದ ಒಳ್ಳೆಯದು ಏನಾದರೂ ಇದ್ದರೆ ಅದರ ಪುಣ್ಯವೆಲ್ಲ ನನ್ನ ಆಮ್ರಪಾಲಿಗೆ ಸಲ್ಲಲಿ. ಅವಳಿಗೆ ಇನ್ನು ಭಯ ಬೇಡ. ಅವಳು ಎಲ್ಲಿಯೂ ನನಗಾಗಿ ಕಾಯುತ್ತ ನಿಲ್ಲದಿರಲಿ. ಅವಳಿಗೆ ಶಾಂತಿ ಸಿಗಲಿ.