ಮುನಿರಾಜಪ್ಪನ ಮೂರು ಪಿಸ್ಟನ್ನುಗಳು

ಶೌಕತ್ ಮಾಸ್ಟರ ಬ್ಯಾಂಡಿನಲ್ಲಿ ದಿಬ್ಬಣದ ಮೊದಲ ಗಣಪತಿ ಸ್ತುತಿಯನ್ನು ಮೂವತ್ತು ವರ್ಷದಿಂದ ಮುನಿರಾಜಪ್ಪನ ಟ್ರಂಪೆಟ್ಟೇ ನುಡಿಸುತ್ತಿತ್ತು. ಹೆಂಡತಿ ಮುನಿಗಂಗಮ್ಮ ಕಾರ್ತಿಕದಲ್ಲಿ ತೀರಿಕೊಂಡ ಮೇಲೆ ಅವನಿಗೆ ಉಳಿದದ್ದು ಅದೊಂದೇ. ಈಗ ಅದಕ್ಕೂ ಪಾಲುಗಾರ ಬಂದಿದ್ದ.

ಕಲಬುರಗಿಯ ಲಕ್ಷ್ಮಿಕಾಂತ ಬ್ಯಾಂಡಿಗೆ ಸೇರಿ ಆರು ತಿಂಗಳೂ ಆಗಿರಲಿಲ್ಲ. ಮಾಸ್ಟರು ಶಿವಾಜಿನಗರದ ಗುಜರಿಯಿಂದ ಮೇಲಿಂದ ಒತ್ತುವ ಪಿಸ್ಟನ್ನುಗಳ ಬದಲು ಒಳಗೆ ತಿರುಗುವ ವಾಲ್ವುಗಳಿರುವ ಒಂದು ರೋಟರಿ ಟ್ರಂಪೆಟ್ ತಂದು ಅವನ ಕೈಗೇ ಕೊಟ್ಟಿದ್ದರು.

"ನಿಮ್ಮ ಕೈ ಪಿಸ್ಟನ್ನಿಗೆ ಕೂತೋಗಿದೆ, ಮುನಿರಾಜಪ್ಪನೋರೆ," ಎಂದಿದ್ದರು ಮಾಸ್ಟರು. "ಇವತ್ತು ಹಲಸೂರಿನ ಮದುವೇಲಿ ನೀವೇ ಶುರು ಮಾಡಿ. ತಪ್ಪಿದ್ರೆ ಮುಂದಿನ್ದು ಹುಡುಗನ್ಗೆ. ಬೇಜಾರು ಮಾಡ್ಕೋಬೇಡಿ."

ಬ್ಯಾಂಡ್ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಮುನಿರಾಜಪ್ಪ ಅಂಕಿ ಕೆತ್ತಿದ ಮೂರೂ ಪಿಸ್ಟನ್ನುಗಳನ್ನು ಹೊರಗೆಳೆದು, ಮುನಿಗಂಗಮ್ಮನ ಹಳೆಯ ಸೀರೆಯ ತುಂಡಿನಿಂದ ಒರೆಸತೊಡಗಿದ.

"ನಿಂದು ಕೆಟ್ಟರೆ ಗಡಿಯಾರದೋನ ಹತ್ರ ಹೋಗ್ಬೇಕು ಕಣಯ್ಯ," ಎಂದು ಪಕ್ಕದಲ್ಲಿದ್ದ ಲಕ್ಷ್ಮಿಕಾಂತನನ್ನು ಕೆಣಕಿದ. "ಇದನ್ನ ನೋಡು, ನಾನೇ ಬಿಚ್ತೀನಿ, ನಾನೇ ಎಣ್ಣೆ ಹಾಕ್ತೀನಿ, ನಾನೇ ಜೋಡಿಸ್ತೀನಿ."

"ಹೌದ್ರಿ ಕಾಕಾ. ನಂದು ಬಿಚ್ಚಾಕ ನನಗ ಅಂಜಿಕಿ," ಎಂದು ಲಕ್ಷ್ಮಿಕಾಂತ ನಕ್ಕ. "ಆದ್ರ ಬೆರಳು ಸ್ವಲ್ಪ ಒತ್ತಿದ್ರ ಸಾಕು, ಒಳಗ ತಿರಗತದ."

ಅಷ್ಟರಲ್ಲಿ ಅವನ ಹೆಂಡತಿ ಜಯಮಾಲಾ ಟಿನ್ ಫ್ಯಾಕ್ಟರಿ ಹತ್ತಿರದ ಮನೆಯಿಂದ ಬಸ್ಸಿನಲ್ಲಿ ರೊಟ್ಟಿ ಬುತ್ತಿ ತಂದಳು. "ನಿನ್ನೆ ಬಾರಿಸಿದ್ದು ಇನ್ನೊಮ್ಮೆ ಬಾರಸ್ರಿ," ಎಂದು ಮೆಟ್ಟಿಲ ಮೇಲೇ ಕೂತಳು. ಅವನು ಊದಿದ. ಒಂದು ಸ್ವರ ಇನ್ನೊಂದಕ್ಕೆ ಎಣ್ಣೆಯ ಮೇಲೆ ಜಾರಿದಂತೆ ಜಾರಿತು. ಪಿಸ್ಟನ್ನಿನ ಟಕ ಟಕ ಸದ್ದು ಅದರಲ್ಲಿ ಇರಲಿಲ್ಲ. ಜಯಮಾಲಾ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮುನಿಗಂಗಮ್ಮ ಕೇಳುತ್ತಿದ್ದುದೂ ಹಾಗೆಯೇ. ಮುನಿರಾಜಪ್ಪನ ಕಣ್ಣು ಅತ್ತಲೇ ನೆಟ್ಟಿತ್ತು. ಕೈಗಳು ತಮ್ಮಷ್ಟಕ್ಕೆ ಪಿಸ್ಟನ್ನುಗಳನ್ನು ತುರುಕಿ ಮುಚ್ಚಳ ತಿರುಗಿಸಿದವು.

ಹಲಸೂರಿನಲ್ಲಿ ಮದುಮಗ ಕಾರು ಹತ್ತಿದ. ಮುನಿರಾಜಪ್ಪ ದೇವರನ್ನು ನೆನೆದು ಟ್ರಂಪೆಟ್ ಎತ್ತಿ ಊದಿದ. ಕೆನ್ನೆ ಉಬ್ಬಿತೇ ಹೊರತು ಸ್ವರ ಬರಲಿಲ್ಲ. ಇನ್ನೊಮ್ಮೆ ಊದಿದ. ಗಾಳಿ ಗೋಡೆಗೆ ಬಡಿದಂತೆ ಹಿಂದಕ್ಕೆ ಬಂತು.

"ಏನ್ ಗುರು, ತಾತ ಸೈಲೆಂಟ್ ಮೋಡ್‌ನಲ್ಲಿ ಅವ್ರೆ!" ಎಂದು ಯಾರೋ ಕೂಗಿದರು. ಮಾಸ್ಟರ ಹುಬ್ಬು ಗಂಟಾಯಿತು.

ಲಕ್ಷ್ಮಿಕಾಂತ ಆಗ ಸ್ತುತಿಯನ್ನು ಶುರು ಮಾಡಿಬಿಡಬಹುದಿತ್ತು. ಅವನು ಪಕ್ಕಕ್ಕೆ ಬಾಗಿ ಪಿಸುಗುಟ್ಟಿದ: "ಕಾಕಾ, ಗಾಳಿ ಕಟ್ಟ್ಯದ ಅಂದ್ರ ಪಿಸ್ಟನ್ನು ಅದಲಿಬದಲಿ ಆಗ್ಯಾವ. ಸರಿಯಾಗಿ ಹಾಕ್ಕೋರಿ, ಅಲ್ಲೀತನಕ ನಾ ಸ್ವರ ಹಿಡಕೊಂಡಿರ್ತೀನಿ."

ಲಕ್ಷ್ಮಿಕಾಂತ ಒಂದೇ ಒಂದು ಸ್ವರ ಹಿಡಿದ. ಒಂದು ವಾಲ್ವನ್ನೂ ಒತ್ತದೆ, ಬರಿಯ ಉಸಿರಿನಿಂದ. ಮುನಿರಾಜಪ್ಪ ಒಂದನೆಯ ಪಿಸ್ಟನ್ನನ್ನೂ ಮೂರನೆಯದನ್ನೂ ಕಿತ್ತು, ಅಂಕಿ ನೋಡಿ, ಅವುಗಳ ಜಾಗಕ್ಕೆ ಹಾಕಿದ. ಆ ಸ್ವರ ಇನ್ನೂ ನಿಂತೇ ಇತ್ತು. ಅದರ ಮೇಲೆ ಅವನು ಸ್ತುತಿಯನ್ನು ಎತ್ತಿಕೊಂಡ. ಲಕ್ಷ್ಮಿಕಾಂತ ಒಂದು ಹೆಜ್ಜೆ ಹಿಂದೆ ಸರಿದ.

ಸ್ತುತಿ ಮುಗಿದಾಗ ಮದುಮಗನ ಅಜ್ಜಿ ವೀಳ್ಯ ಹಿಡಿದು ಬಂದಳು. "ಮೊದಲು ಒಂದೇ ಸ್ವರ ಉದ್ದಕ್ಕೆ ಹಿಡಿದ್ಯಲ್ಲಪ್ಪ, ಅದನ್ನ ಕೇಳಿ ಕಣ್ಣಲ್ಲಿ ನೀರು ಬಂತು," ಎಂದು ಮುನಿರಾಜಪ್ಪನ ಕೈಗೆ ಕೊಟ್ಟಳು.

ಮಾಸ್ಟರು ದೂರದಲ್ಲಿದ್ದರು. ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ವೀಳ್ಯವನ್ನು ಕಣ್ಣಿಗೆ ಒತ್ತಿಕೊಳ್ಳಲು ಕೈ ಮೇಲೇಳಲಿಲ್ಲ.

"ಅದು ನಾನಲ್ಲ ತಾಯಿ, ಇವನು," ಎಂದು ಮಾಸ್ಟರಿಗೂ ಕೇಳುವಂತೆ ಹೇಳಿ ವೀಳ್ಯವನ್ನು ಲಕ್ಷ್ಮಿಕಾಂತನಿಗೆ ದಾಟಿಸಿದ. "ನಾಡಿದ್ದಿನ ಮದುವೆಯಿಂದ ಸ್ತುತಿ ಶುರು ಮಾಡೋದೂ ಇವನೇ."

ದಿಬ್ಬಣ ಮುಂದೆ ಸಾಗಿತು. ಸ್ವಲ್ಪ ದೂರ ನಡೆದ ಮೇಲೆ ಮುನಿರಾಜಪ್ಪ ತಡೆಯಲಾರದೆ ಲಕ್ಷ್ಮಿಕಾಂತನನ್ನು ಕೇಳಿದ: "ನಡುವೆ ಉಸಿರು ಎಲ್ಲಿ ತಗೊಂಡ್ಯೋ?"

"ತಗೊಳ್ಳಲಿಲ್ರಿ ಕಾಕಾ."

ಮುನಿರಾಜಪ್ಪ ಇಷ್ಟು ದಿನ ಆ ರೋಟರಿ ಯಂತ್ರವನ್ನು ಕಂಡು ಉರಿದಿದ್ದ. ಯಂತ್ರವಾದರೆ ಗುಜರಿಯಲ್ಲಿ ಇನ್ನೊಂದು ಸಿಗುತ್ತಿತ್ತು; ಆ ಉಸಿರು ಸಿಗುವಂತಿರಲಿಲ್ಲ.