ಅತ್ತೆಯ ಅಂಗಡಿಗೆ ಯಾವ ಭಾಷೆ?

ನಮ್ಮತ್ತೆಯ ಹೊಲಿಗೆ ಅಂಗಡಿಗೆ ಒಂದು ವೆಬ್‌ಸೈಟ್ ಬೇಕಿತ್ತು, ಅಷ್ಟೇ. ಸೋಮವಾರ ಹತ್ತು ಗಂಟೆಗೆ ಶಾಲೆಯ ಹೆಡ್‌ಮೇಡಂ ಅದನ್ನು ನೋಡಿ, ನಾನೂರು ಸಮವಸ್ತ್ರದ ಕೆಲಸ ಯಾರಿಗೆಂದು ತೀರ್ಮಾನಿಸುವವರಿದ್ದರು. ಅದು ಕೈತಪ್ಪಿದರೆ ಅತ್ತೆ ಅಂಗಡಿ ಮುಚ್ಚಬೇಕು. ಮನೆಯಲ್ಲೇ ಇಬ್ಬರು ವೆಬ್ ಪ್ರೋಗ್ರಾಮರ್‌ಗಳಿರುವಾಗ ಚಿಂತೆಯೇನು ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ನನ್ನ ಗಂಡನ ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿ, ನನ್ನ ತಮ್ಮನದು ಜಾವಾಸ್ಕ್ರಿಪ್ಟ್. ಸರ್ವರ್ ಕಡೆಯದು ಇವರಿಗೆ, ಕಣ್ಣಿಗೆ ಕಾಣುವ ಪುಟ ಅವನಿಗೆ ಎಂದು ನಾನೇ ಹಂಚಿಕೊಟ್ಟೆ. ಮೂರು ವಾರ ಇಬ್ಬರ ಬಾಯಿಗೂ ಬಿಡುವಿಲ್ಲ.

“ಭಾವ, ನಿಮ್ಮ ಪಿಎಚ್‌ಪಿಗೆ ಇನ್ನೆಲ್ಲಿ ಭವಿಷ್ಯ? ನಮ್ದು ಬ್ರೌಸರಲ್ಲೂ ಓಡುತ್ತೆ, ಸರ್ವರಲ್ಲೂ ಓಡುತ್ತೆ.”

“ಓಡ್ಲಿ ಬಿಡಪ್ಪ. ಪಿಎಚ್‌ಪಿ ಸತ್ತೋಯ್ತು ಅಂತ ಕೆಲಸಕ್ಕೆ ಸೇರಿದ ದಿನದಿಂದ ಕೇಳ್ತಿದೀನಿ, ಇವತ್ತಿಗೂ ಅದೇ ಅನ್ನ ಹಾಕ್ತಿದೆ. ನಿಂದೋ, ಆರು ತಿಂಗಳಿಗೊಂದು ಹೊಸ ಫ್ರೇಮ್‌ವರ್ಕ್. ಕಲಿಯೋದ್ರಲ್ಲೇ ಕೂದಲು ಹಣ್ಣಾಗುತ್ತೆ.”

“ಹಣ್ಣಾಗೋಕೆ ನಿಮಗೆ ಕೂದಲೆಲ್ಲಿದೆ ಭಾವ?”

ನಾನು “ಪೈಥಾನ್...” ಎಂದು ಮೂರನೆಯ ಭಾಷೆಯೊಂದರ ಹೆಸರೆತ್ತಿದ್ದೇ ತಡ, ಇಬ್ಬರೂ ಒಟ್ಟಿಗೆ ನನ್ನ ಮೇಲೆ ಬಿದ್ದರು. ಕೋಪ ಬಂದು ಬರೀ ಎಚ್‌ಟಿಎಂಎಲ್‌ನಲ್ಲಿ ನಾನೇ ಒಂದು ಪುಟ ಬರೆದಿಟ್ಟುಕೊಂಡೆ. ಅಂಗಡಿಯ ಹೆಸರು, ಅತ್ತೆ ಹೊಲಿದ ಅಂಗಿಯ ಫೋಟೊ, ಫೋನ್ ನಂಬರು.

“ಅಕ್ಕಾ, ಅದು ಪ್ರೋಗ್ರಾಮಿಂಗ್ ಭಾಷೇನೇ ಅಲ್ಲ,” ಎಂದು ತಮ್ಮ ನಕ್ಕ. ನನ್ನ ಗಂಡ ಮೊದಲ ಸಲ ಅವನ ಮಾತಿಗೆ ತಲೆಯಾಡಿಸಿದರು.

ಸೋಮವಾರ ಒಂಬತ್ತೂವರೆಗೆ ಸೈಟ್ ತೆರೆದರೆ ಖಾಲಿ!

“ಭಾವಂದು ಅಳಿಸ್ದೆ ಅಕ್ಕಾ. ಪೂರ್ತಿ ಜಾವಾಸ್ಕ್ರಿಪ್ಟಲ್ಲೇ ಬರೆದು ಸರ್‌ಪ್ರೈಸ್ ಕೊಡೋಣ ಅಂತ...” ತಮ್ಮ ತೊದಲಿದ.

ನನ್ನ ಗಂಡ ಚಾವಣಿ ನೋಡಿದರು. “ನಾನೂ ಅವನದನ್ನ ಅಳಿಸಿದ್ದೆ. ಹೊಸದು ಇನ್ನೂ ಅರ್ಧ ಬಾಕಿ.”

“ಬ್ಯಾಕಪ್?”

“ಅದು ಅವನ ಕೆಲಸ.”

“ಅದು ಭಾವನ ಕೆಲಸ.”

ನನಗೆ ಮೈಯೆಲ್ಲ ಉರಿದುಹೋಯಿತು. “ಏಳ್ರೀ ಇಬ್ಬರೂ!” ಎಂದು ಕುರ್ಚಿಯಿಂದ ಎಬ್ಬಿಸಿ, ನನ್ನ ಪುಟವನ್ನೇ ಸೈಟಿಗೆ ಹಾಕಿದೆ.

ಹತ್ತೂ ಐದಕ್ಕೆ ಅತ್ತೆಯ ಫೋನು ರಿಂಗಾಯಿತು. ಹೆಡ್‌ಮೇಡಂ! “ಉಳಿದ ಟೈಲರ್‌ಗಳ ಸೈಟು ಇನ್ನೂ ಗರಗರ ತಿರುಗ್ತಾನೇ ಇದೆ ಕಣ್ರೀ. ನಿಮ್ದು ತಕ್ಷಣ ತೆರೀತು. ಅಳತೆಗೆ ಯಾವಾಗ ಬರ್ತೀರಿ?”

ಅತ್ತೆ ಕಣ್ಣೊರೆಸಿಕೊಂಡು ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡರು. ನನಗೂ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಬೆನ್ನ ಹಿಂದೆ ಗುಸುಗುಸು. “ಪುಟವೇನೋ ಚೆನ್ನಾಗಿದೆ ಭಾವ. ಜಾವಾಸ್ಕ್ರಿಪ್ಟಲ್ಲಿ ಮತ್ತೆ ಬರೆದ್ರೆ...”

“ಪಿಎಚ್‌ಪಿಯಲ್ಲಿ ಕಣೋ.”

ನಿಂತ ನಿಲುವಿನಲ್ಲೇ ಸೈಟಿನ ಪಾಸ್‌ವರ್ಡ್ ಬದಲಾಯಿಸಿದೆ. ಹೊಸದನ್ನು ಅತ್ತೆಗೆ ಮಾತ್ರ ಹೇಳಿದ್ದೇನೆ.