ಖಾನೆಗೊಂದು ಊರು

ಮನೆಯವರೇ ನಡೆಸುತ್ತಿದ್ದ ಲಾಂಡ್ರಿಯ ಕಪಾಟಿನ ಖಾನೆಗಳಿಗೆ ಊರಿನ ಹೆಸರು ಅಂಟಿಸಿದವಳು ಅಕ್ಕ. ತಾನು ಓದಲು ಹೋಗಬೇಕೆಂದಿದ್ದ ದೇಶದ ದೊಡ್ಡ ಊರುಗಳಾದರೂ ಮೊದಲೇ ಗೊತ್ತಿರಬೇಕು ಎಂಬುದು ಅವಳ ಹಟ. ಆ ಹೆಸರುಗಳಿಗೆ ಅಮ್ಮನ ನಾಲಿಗೆ ಸುತಾರಾಂ ಹೊರಳಲಿಲ್ಲ. ಕೊನೆಗೆ ಅಮ್ಮನೇ ಮರುನಾಮಕರಣ ಮಾಡಿದಳು: ದೊಡ್ಡೂರು, ಬಂದರೂರು, ಚಳಿಯೂರು. ಅಕ್ಕ ನಗುತ್ತಲೇ ಹಾಗೇ ಚೀಟಿ ಬರೆದಳು. ದೊಡ್ಡೂರಿಗೆ ಆಸ್ಪತ್ರೆಯ ಬೆಡ್‌ಶೀಟುಗಳು ಹೋದವು, ಬಂದರೂರಿಗೆ ಹೋಟೆಲಿನ ಮೇಜಿನ ಬಟ್ಟೆ. ಕಂಬಳಿಗಳನ್ನು ಚಳಿಯೂರಿಗೆ ಕಳಿಸಿದ್ದು ಅಪ್ಪನ ತಮಾಷೆ.

ಅಕ್ಕನಿಗೆ ಜೊತೆಯಿರಲಿ ಎಂದು ತಂಗಿಯೂ ಅರ್ಜಿ ಹಾಕಿದ್ದಳು. ಸೀಟು ಸಿಕ್ಕಿದ್ದು ತಂಗಿಗೆ. ಅಕ್ಕನಿಗೆ ಬಂದದ್ದು ವಿಷಾದದ ಎರಡು ಸಾಲು.

ಅಕ್ಕ ಅತ್ತಿದ್ದರೆ ಮನೆಯವರಿಗಾದರೂ ಸಮಾಧಾನವಾಗುತ್ತಿತ್ತು. ಅವಳೊಳಗೆ ಏನೂ ಆಗಲಿಲ್ಲ. ಹೊಟ್ಟೆಕಿಚ್ಚಾದರೂ ಬರಲಿ ಎಂದು ಕಾದಳು, ಅದೂ ಬರಲಿಲ್ಲ. ಇಸ್ತ್ರಿ ತಾಗಿ ಬೆರಳು ಸುಟ್ಟದ್ದು ಅಮ್ಮ ಹೇಳಿದ ಮೇಲೆ ಗೊತ್ತಾಯಿತು. ಮನೆಯಲ್ಲಿ ಯಾರಿಗೋ ಜ್ವರ ಬಂದಂತೆ ಎಲ್ಲರೂ ಮೆಲ್ಲಗೆ ಮಾತಾಡತೊಡಗಿದರು. ತಂಗಿಯಂತೂ ತನ್ನ ಹೊಸ ಸೂಟ್‌ಕೇಸನ್ನು ಕದ್ದ ಮಾಲಿನ ಹಾಗೆ ಮಂಚದ ಕೆಳಗೆ ತಳ್ಳಿಟ್ಟಿದ್ದಳು.

ಹೊರಡುವ ಹಿಂದಿನ ದಿನ ಇಬ್ಬರೂ ಬೆಡ್‌ಶೀಟು ಮಡಿಸುತ್ತಿದ್ದರು. ಅದು ಒಬ್ಬರ ಕೈಗೆ ಬಗ್ಗುವ ಕೆಲಸವಲ್ಲ. ಇವಳದೆರಡು ತುದಿ, ಅವಳದೆರಡು ತುದಿ; ಹತ್ತಿರ ಬಂದು ತುದಿ ಕೊಟ್ಟು ಹಿಂದೆ ಸರಿಯಬೇಕು. ತಂಗಿ ಹತ್ತಿರ ಬಂದವಳು ಕೈ ಬಿಡಲಿಲ್ಲ.

"ಅಕ್ಕಾ, ನೀನು ಬೇಡ ಅಂದ್ರೆ ನಾನು ಹೋಗಲ್ಲ."

ಬೇಡ ಎಂದರೆ ಇವಳು ನಿಜಕ್ಕೂ ನಿಂತುಬಿಡುತ್ತಾಳೆ ಎಂದು ಅಕ್ಕನಿಗೆ ಗೊತ್ತಿತ್ತು. ಒಂದು ಮಾತು ಸಾಕಿತ್ತು. ಬಾಯಿ ತೆರೆದಳು.

"ಅಲ್ಲಿನ ಎರಡನೇ ದೊಡ್ಡ ಊರು ಯಾವುದು?"

ತಂಗಿ ಕಪಾಟಿನ ಕಡೆ ನೋಡಿದಳು. "ಹೋಟೆಲಿನ ಮೇಜಿನ ಬಟ್ಟೆ."

ಅಲ್ಲಿ ಬಸ್ಸಿನವನ ಹತ್ತಿರವೂ ಹೀಗೇ ಹೇಳುತ್ತೀಯಾ ಎಂದು ಅಕ್ಕ ಗದರಿದಳು. ಸಂಜೆಯವರೆಗೂ ಕೂರಿಸಿಕೊಂಡು ನಿಜವಾದ ಹೆಸರುಗಳನ್ನು ಬಾಯಿಪಾಠ ಮಾಡಿಸಿದಳು. ಎಲ್ಲಿ ರೈಲು ಬದಲಿಸಬೇಕು, ಎಲ್ಲಿ ಬಾಡಿಗೆ ದುಬಾರಿ, ಎಲ್ಲಿ ಬೇಗ ಕತ್ತಲಾಗುತ್ತದೆ, ಎಲ್ಲವನ್ನೂ ಹೇಳಿಕೊಟ್ಟಳು. ತನಗೆಂದು ಕಲಿತದ್ದರಲ್ಲಿ ಏನೂ ಉಳಿಸಿಕೊಳ್ಳಲಿಲ್ಲ. ಆಗಲೂ ಅವಳಿಗೆ ಏನೂ ಅನಿಸಲಿಲ್ಲ.

ಮರುದಿನ ತಂಗಿ ಹೋಗಿ ಬರ್ತೀನಿ ಎಂದಾಗ ಅಕ್ಕ ಬರೀ ಹೂಂ ಎಂದಳು. ಟ್ಯಾಕ್ಸಿ ತಿರುವು ದಾಟುವ ಮೊದಲೇ ಒಳಗೆ ಬಂದು ಬೆಡ್‌ಶೀಟು ಎತ್ತಿಕೊಂಡಳು. ಆ ಊರುಗಳು ಇನ್ನು ಮಗಳ ಕಣ್ಣಿಗೆ ಬೀಳುವುದು ಬೇಡವೆಂದು ಅಪ್ಪ ಸದ್ದಿಲ್ಲದೆ ಖಾನೆಯ ಚೀಟಿ ಕೀಳಲು ಉಗುರು ಹಾಕಿದ.

"ಇರಲಿ ಬಿಡಪ್ಪ," ಎಂದಳು ಅಕ್ಕ. "ಅವಳು ಫೋನ್ ಮಾಡಿದಾಗ ಎಲ್ಲಿದ್ದಾಳೆ ಅಂತ ಅಮ್ಮನಿಗೆ ಗೊತ್ತಾಗ್ಬೇಕಲ್ಲ."

ಹಾಗೆಂದು ತನ್ನೆರಡು ತುದಿ ಹಿಡಿದು ಎಂದಿನಂತೆ ಕಾಯುತ್ತ ನಿಂತಳು. ಉಳಿದೆರಡು ತುದಿ ನೆಲಕ್ಕೆ ಬಿದ್ದಿದ್ದವು. ಒಗೆದ ಬಟ್ಟೆ ಕೊಳೆಯಾಗುತ್ತದೆಂದು ಅಮ್ಮ ಓಡಿಬಂದು ಎತ್ತಿಕೊಳ್ಳುವಷ್ಟರಲ್ಲಿ ಅಕ್ಕ ಅಳುತ್ತಿದ್ದಳು.